ಕ್ಯಾಲಿಫೋರ್ನಿಯಾಗೆ ಹೂವು ಕಳಿಸುವ ಮೊದಲು

ಪ್ರಶ್ನೆ: ಮಗಳು, ಅಳಿಯ ಕ್ಯಾಲಿಫೋರ್ನಿಯಾದ ಸ್ಯಾನ್ ರಮೋನ್‌ನಲ್ಲಿದ್ದಾರೆ. ಮೊಮ್ಮಗಳು ಈಗಷ್ಟೇ ನಾಲ್ಕನೇ ಕ್ಲಾಸು ಮುಗಿಸಿದಳು. ಶಾಲೆಯಲ್ಲಿ ವರ್ಷವಿಡೀ ಕ್ಯಾಲಿಫೋರ್ನಿಯಾದ ಚರಿತ್ರೆ ಕಲಿಸಿದರಂತೆ, ಫೋನ್ ಮಾಡಿದರೆ ಬರೀ ಅದೇ ಮಾತು. ಜುಲೈನಲ್ಲಿ ಅವಳ ಹುಟ್ಟುಹಬ್ಬ. ಅವಳ ರಾಜ್ಯದ ಹೂವನ್ನೇ ಕಳಿಸೋಣ ಅಂತ ಆಸೆ. ಆದರೆ ಯಾವ ವೆಬ್‌ಸೈಟಿನಲ್ಲೂ ಆ ಹೂವು ಕಾಣಿಸುತ್ತಿಲ್ಲ. ಯಾಕೆ? ಅದರ ಬದಲು ಏನು ಕಳಿಸಬಹುದು? ಆ ರಾಜ್ಯದ ಬಗ್ಗೆ ನನಗೂ ಸ್ವಲ್ಪ ಗೊತ್ತಿದ್ದರೆ ಅವಳ ಜೊತೆ ಮಾತಾಡಲು ಚೆನ್ನ. ಅಕ್ಟೋಬರಿನಲ್ಲಿ ನಾವು ಅಜ್ಜ ಅಜ್ಜಿ ಇಬ್ಬರೂ ಅಲ್ಲಿಗೆ ಹೋಗುವವರಿದ್ದೇವೆ.

ಉತ್ತರ: ಮೊದಲೇ ಹೇಳಿಬಿಡುತ್ತೇನೆ. ಕ್ಯಾಲಿಫೋರ್ನಿಯಾದ ರಾಜ್ಯ ಹೂವು ಅಂಗಡಿಯಲ್ಲಿ ಸಿಗುವುದಿಲ್ಲ. ನೀವು ಹುಡುಕಿದ್ದರಲ್ಲಿ ತಪ್ಪೇನಿಲ್ಲ, ಆ ಹೂವಿನ ಗುಣವೇ ಹಾಗೆ. ಜುಲೈನಲ್ಲಂತೂ ಕೇಳಲೇಬೇಡಿ, ಅಷ್ಟು ಹೊತ್ತಿಗೆ ನಿಮ್ಮ ಮಗಳ ಊರಿನ ಗುಡ್ಡಗಳಲ್ಲಿ ಅದರ ಕಾಲ ಮುಗಿದಿರುತ್ತದೆ. ಆದರೆ ಅದೇ ತಿಂಗಳಲ್ಲಿ ಆ ರಾಜ್ಯದ ಹೊಲಗಳಲ್ಲಿ ಬೆಳೆಯುವ ಬೇರೆ ಹೂವು ಬೇಕಾದಷ್ಟಿವೆ. ಅವನ್ನು ಕೇಳಿ ತರಿಸಿದರೆ ನಿಮ್ಮ ಆಸೆ ಈಡೇರಿದ ಹಾಗೆಯೇ. ಎಷ್ಟೋ ವರ್ಷ ಅಲ್ಲಿನ ಹೂವಿನಂಗಡಿಯಲ್ಲಿ ಆರ್ಡರ್ ತೆಗೆದುಕೊಂಡವಳು ನಾನು. ದೂರದಿಂದ ಕಳಿಸುವವರು ಎಲ್ಲೆಲ್ಲಿ ಎಡವುತ್ತಾರೆ ಅನ್ನುವುದು ಗೊತ್ತು.

ರಾಜ್ಯ ಹೂವಿನ ಹೆಸರು ಕ್ಯಾಲಿಫೋರ್ನಿಯಾ ಪಾಪ್ಪಿ. ನಮ್ಮ ಗಸಗಸೆ ಗಿಡದ ಕುಟುಂಬದ್ದೇ, ಆದರೆ ಇದರಲ್ಲಿ ಅಫೀಮು ಇಲ್ಲ. ಗಿಡ ಹೆಚ್ಚೆಂದರೆ ಮೊಣಕಾಲೆತ್ತರ. ಎಲೆ ಸಬ್ಬಸಿಗೆ ಸೊಪ್ಪಿಗಿಂತ ಸ್ವಲ್ಪ ದಪ್ಪ, ಬೂದಿ ಬೆರೆತ ಹಸಿರು. ಹೂವಿಗೆ ನಾಲ್ಕೇ ಎಸಳು. ಬಣ್ಣ ಕೇಸರಿ, ಕಡಲ ತೀರದಲ್ಲಿ ಹಳದಿ ಅಂಚಿನದೂ ಇದೆ. ಮೊಮ್ಮಗಳಿಗೆ ತೋರಿಸಬೇಕಾದದ್ದು ಇದರ ಮೊಗ್ಗು. ಮೊಗ್ಗಿನ ಮೇಲೆ ಮಕ್ಕಳ ಉಲ್ಲನ್ ಟೋಪಿಯಂಥ ಒಂದು ಚೂಪು ಹಸಿರು ಮುಚ್ಚಳ ಇರುತ್ತದೆ. ಹೂವು ಅರಳುವಾಗ ಒಳಗಿನ ಎಸಳುಗಳು ಅದನ್ನು ಮೇಲಕ್ಕೆ ನೂಕುತ್ತವೆ, ಮುಚ್ಚಳ ಇಡಿಯಾಗಿ ಕಳಚಿ ಬೀಳುತ್ತದೆ. ಬೆಳಿಗ್ಗೆ ಗಿಡದ ಬುಡದಲ್ಲಿ ನೋಡಿದರೆ ಅಂಥವು ಬಿದ್ದಿರುತ್ತವೆ. ಸಂಜೆಯಾದರೆ, ಮೋಡ ಕವಿದರೆ, ಜೋರು ಗಾಳಿ ಬೀಸಿದರೆ ಹೂವು ಸುರುಳಿ ಸುತ್ತಿ ಮುಚ್ಚಿಕೊಳ್ಳುತ್ತದೆ. ಬಿಸಿಲು ಬಂದಾಗ ಮತ್ತೆ ಬಿಚ್ಚಿಕೊಳ್ಳುತ್ತದೆ.

ಈಗ ಇದನ್ನು ಕೊಯ್ದು ಬೊಕೆಗೆ ಹಾಕಿದಿರಿ ಅಂದುಕೊಳ್ಳಿ. ಅಂಗಡಿಯ ಕೂಲರ್ ಒಳಗೆ ಕತ್ತಲು, ತಣ್ಣಗೆ. ಹೂವು ಮುಚ್ಚಿಕೊಳ್ಳುತ್ತದೆ. ಗಾಡಿಯಲ್ಲಿ ಕುಲುಕಿದರೆ ಎಸಳು ಉದುರುತ್ತದೆ. ಗಿರಾಕಿಯ ಕೈಗೆ ಸಿಗುವುದು ದಂಟು, ಅಷ್ಟೇ. ಯಾವ ಅಂಗಡಿಯವರೂ ಈ ತಾಪತ್ರಯಕ್ಕೆ ಹೋಗುವುದಿಲ್ಲ.

ಇನ್ನೊಂದು ಮಾತು ಕೇಳಿರುತ್ತೀರಿ: ಈ ಹೂವನ್ನು ಕಿತ್ತರೆ ಜೈಲು ಅಂತ. ಅಲ್ಲಿ ಹುಟ್ಟಿ ಬೆಳೆದವರೂ ಇದನ್ನು ನಂಬಿದ್ದಾರೆ. ಪಾಪ್ಪಿಗೆ ಅಂತಲೇ ಮಾಡಿದ ಕಾನೂನು ಇಲ್ಲ. ಸರ್ಕಾರಿ ಜಾಗದಿಂದ, ರಸ್ತೆ ಬದಿಯಿಂದ, ಇನ್ನೊಬ್ಬರ ಜಮೀನಿನಿಂದ ಅನುಮತಿಯಿಲ್ಲದೆ ಗಿಡ ಕಿತ್ತರೆ, ಕಡಿದರೆ ಅಪರಾಧ. ಅದು ಯಾವ ಗಿಡಕ್ಕಾದರೂ ಒಂದೇ. ನಿಮ್ಮ ಮಗಳ ಹಿತ್ತಲಲ್ಲಿ ಅವಳೇ ಬೆಳೆದ ಪಾಪ್ಪಿಯನ್ನು ಮೊಮ್ಮಗಳು ಕಿತ್ತರೆ ಯಾರೂ ಕೇಳುವುದಿಲ್ಲ. ಕಾನೂನಿಗಿಂತ ದೊಡ್ಡ ಸಮಸ್ಯೆ ಜನಜಾತ್ರೆ. ಮಳೆ ಚೆನ್ನಾಗಿ ಆದ ವರ್ಷ ದಕ್ಷಿಣದ ಗುಡ್ಡಗಳು ಪೂರ್ತಿ ಕೇಸರಿ ಬಣ್ಣಕ್ಕೆ ತಿರುಗುತ್ತವೆ. 2019ರಲ್ಲಿ ಲೇಕ್ ಎಲ್ಸಿನೋರ್ ಹತ್ತಿರದ ವಾಕರ್ ಕ್ಯಾನ್ಯನ್‌ಗೆ ಫೋಟೋ ತೆಗೆಸಿಕೊಳ್ಳಲು ಎಷ್ಟು ಜನ ನುಗ್ಗಿದರೆಂದರೆ, ರಸ್ತೆಗಳೇ ಕಟ್ಟಿಹೋದವು. ಹೂವಿನ ಮೇಲೆ ಮಲಗಿ ಫೋಟೋ ತೆಗೆಸಿಕೊಂಡವರೂ ಇದ್ದರು. ಊರಿನವರು ಸಾಕಪ್ಪಾ ಸಾಕು ಅಂದರು. 2023ರಲ್ಲಿ ಮತ್ತೆ ಹೂವು ಬಂದಾಗ ಆ ಕಣಿವೆಗೆ ಯಾರನ್ನೂ ಬಿಡಲೇ ಇಲ್ಲ. ನೋಡಲೇಬೇಕು ಅಂದರೆ ಲ್ಯಾಂಕಾಸ್ಟರ್ ಹತ್ತಿರ ಆಂಟಿಲೋಪ್ ಕಣಿವೆಯಲ್ಲಿ ಇದಕ್ಕಾಗಿಯೇ ಕಾಯ್ದಿಟ್ಟ ಸುಮಾರು 1,800 ಎಕರೆ ಜಾಗ ಇದೆ. ಮಾರ್ಚ್, ಏಪ್ರಿಲ್‌ನಲ್ಲಿ ಹೋಗಬೇಕು, ಕಾಲುದಾರಿ ಬಿಟ್ಟು ಇಳಿಯಬಾರದು.

ಈ ಹೂವಿಗೆ ಶಾಸ್ತ್ರೀಯ ಹೆಸರು ಸಿಕ್ಕ ಕಥೆ ಹುಡುಗಿಗೆ ಹೇಳಲು ಚೆನ್ನಾಗಿದೆ. 1816ರಲ್ಲಿ ರೂರಿಕ್ ಅನ್ನುವ ರಷ್ಯನ್ ಹಡಗು ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಗೆ ಬಂತು. ಅದರಲ್ಲಿ ಅಡಲ್ಬರ್ಟ್ ಫಾನ್ ಶಾಮಿಸ್ಸೋ ಅನ್ನುವ ಸಸ್ಯಶಾಸ್ತ್ರಜ್ಞ ಇದ್ದ, ಕವಿಯೂ ಹೌದು. ಈ ಗಿಡದ ಮಾದರಿ ಸಂಗ್ರಹಿಸಿ, ಹಡಗಿನ ವೈದ್ಯನಾಗಿದ್ದ ಗೆಳೆಯ ಎಶ್‌ಶೋಲ್ಟ್ಸ್‌ನ ಹೆಸರನ್ನು ಅದಕ್ಕೆ ಇಟ್ಟ. ಹಾಗಾಗಿ ಅಮೆರಿಕದ ಪಶ್ಚಿಮ ಕರಾವಳಿಯ ಕಾಡುಹೂವಿಗೆ ಎಶ್‌ಶೋಲ್ಟ್ಸಿಯಾ ಅನ್ನುವ ನಾಲಿಗೆ ಹೊರಳದ ಹೆಸರು ಅಂಟಿಕೊಂಡಿತು. ಅಲ್ಲಿನ ಮಕ್ಕಳಿಗೂ ಆ ಹೆಸರಿನ ಕಾಗುಣಿತ ಒಂದು ಶಿಕ್ಷೆ.

ರಾಜ್ಯ ಹೂವಾಗಿದ್ದು ಇದಕ್ಕಿಂತ ತುಂಬ ತಡವಾಗಿ. 1890ರಲ್ಲಿ ಅಲ್ಲಿನ ರಾಜ್ಯ ಪುಷ್ಪ ಸಂಘ ಮತಕ್ಕೆ ಹಾಕಿತು. ಕಣದಲ್ಲಿ ಮ್ಯಾರಿಪೋಸಾ ಲಿಲ್ಲಿ ಇತ್ತು, ದೊಡ್ಡ ಬಿಳಿ ಎಸಳಿನ ಮಟಿಲಿಹಾ ಪಾಪ್ಪಿ ಇತ್ತು. ಕೇಸರಿ ಪಾಪ್ಪಿಯೇ ಸುಲಭವಾಗಿ ಗೆದ್ದಿತು. ಆದರೂ ಶಾಸನಸಭೆಯ ಒಪ್ಪಿಗೆ ಸಿಕ್ಕಿ ಗವರ್ನರ್ ಸಹಿ ಬೀಳುವ ಹೊತ್ತಿಗೆ 1903ರ ಮಾರ್ಚ್ 2 ಆಗಿತ್ತು. ಇಷ್ಟು ವರ್ಷ ಬಿಡದೆ ಓಡಾಡಿದವರು ಸಾರಾ ಪ್ಲಮರ್ ಲೆಮ್ಮನ್, ಗಿಡಗಳನ್ನು ಸಂಗ್ರಹಿಸಿ ಚಿತ್ರ ಬರೆಯುತ್ತಿದ್ದ ಸಸ್ಯಶಾಸ್ತ್ರಜ್ಞೆ. ಆರಿಜೋನಾದಲ್ಲಿ ಅವರ ಹೆಸರಿನ ಬೆಟ್ಟವೇ ಇದೆ, ಮೌಂಟ್ ಲೆಮ್ಮನ್. ಕ್ಯಾಲಿಫೋರ್ನಿಯಾದಲ್ಲಿ ಏಪ್ರಿಲ್ 6 ಪಾಪ್ಪಿ ದಿನ.

ಉಳಿದ ಲಾಂಛನಗಳಲ್ಲಿ ನಿಮಗೆ ಹೂವಿನ ಲೆಕ್ಕದಲ್ಲಿ ಉಪಯೋಗಕ್ಕೆ ಬರುವುದು ಒಂದೇ: ಬಣ್ಣ. ರಾಜ್ಯದ ಬಣ್ಣಗಳು ನೀಲಿ ಮತ್ತು ಚಿನ್ನದ ಹಳದಿ. ಆಕಾಶ, ಗಣಿಯ ಚಿನ್ನ. 1951ರಲ್ಲಿ ಕಾನೂನಾಯಿತು, ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬಣ್ಣಗಳೂ ಇವೇ. ಇಲ್ಲೇ ನಿಮ್ಮ ಬೊಕೆ ಸಿಕ್ಕಿತು ನೋಡಿ. ಹಳದಿ ಸೂರ್ಯಕಾಂತಿ, ನೀಲಿ ಡೆಲ್ಫಿನಿಯಂ, ನಡುವೆ ಪಾಪ್ಪಿಯ ನೆನಪಿಗೆ ಕೇಸರಿ ಬಣ್ಣದ ಡೇರೆ ಇಲ್ಲವೇ ಜಿನಿಯಾ. ಇವೆಲ್ಲ ಜುಲೈನಲ್ಲಿ ಅಲ್ಲೇ ಬೆಳೆಯುತ್ತವೆ. ಮೊಮ್ಮಗಳಿಗೆ ಕಾರ್ಡಿನಲ್ಲಿ "ನಿನ್ನ ರಾಜ್ಯದ ಬಣ್ಣ" ಅಂತ ಬರೆಸಿದರೆ ಅರ್ಥವಾಗುತ್ತದೆ, ಶಾಲೆಯಲ್ಲಿ ಓದಿದ್ದಾಳಲ್ಲ. ಗುಲಾಬಿ ಬೇಡ ಅಂತಲ್ಲ. ಆದರೆ ಗುಲಾಬಿ ಎಲ್ಲಿಯದೂ ಆಗಿರಬಹುದು, ಆ ಮಾತಿಗೆ ಆಮೇಲೆ ಬರುತ್ತೇನೆ.

ಬಾವುಟದಲ್ಲಿ ಕರಡಿ ಇದೆ. ಅದರ ಕಥೆ ಅವಳಿಗೆ ಗೊತ್ತಿದ್ದೇ ಇರುತ್ತದೆ, ನಿಮಗೂ ಇರಲಿ. 1846ರ ಜೂನ್ 14ರಂದು, ಆ ನೆಲ ಮೆಕ್ಸಿಕೋ ದೇಶದ್ದಾಗಿದ್ದಾಗ, ಸೊನೋಮಾ ಊರಿನಲ್ಲಿ ಮೂವತ್ತು ಮಂದಿಯ ಆಸುಪಾಸಿನ ಅಮೆರಿಕನ್ ವಲಸಿಗರು ದಂಗೆ ಎದ್ದರು. ಒಂದು ಬಟ್ಟೆಯ ಮೇಲೆ ನಕ್ಷತ್ರ, ಕರಡಿ ಬಿಡಿಸಿ ಕಂಬಕ್ಕೆ ಏರಿಸಿ ತಮ್ಮದೇ ಗಣರಾಜ್ಯ ಅಂತ ಸಾರಿದರು. ಅದು ನಡೆದದ್ದು 25 ದಿನ. ಆಮೇಲೆ ಅಮೆರಿಕದ ನೌಕಾಪಡೆ ಬಂದು ತನ್ನ ದೇಶದ ಬಾವುಟ ಹಾರಿಸಿತು. ಆ ಮೊದಲ ಬಟ್ಟೆ 1906ರ ಸ್ಯಾನ್ ಫ್ರಾನ್ಸಿಸ್ಕೋ ಭೂಕಂಪದ ಬೆಂಕಿಯಲ್ಲಿ ಸುಟ್ಟುಹೋಯಿತು. ಕರಡಿ ಬಾವುಟ ಅಧಿಕೃತವಾಗಿದ್ದು 1911ರಲ್ಲಿ. 1953ರಲ್ಲಿ ಗ್ರಿಜ್ಲಿ ಕರಡಿಯನ್ನು ರಾಜ್ಯ ಪ್ರಾಣಿ ಅಂತ ಘೋಷಿಸಿದರು. ಅಷ್ಟರಲ್ಲಿ ರಾಜ್ಯದಲ್ಲಿ ಒಂದು ಗ್ರಿಜ್ಲಿಯೂ ಉಳಿದಿರಲಿಲ್ಲ, ಕೊನೆಯದನ್ನು ಕಂಡಿದ್ದು 1920ರ ದಶಕದಲ್ಲಿ. ಕೊಂದು ಮುಗಿಸಿ ಸನ್ಮಾನ ಮಾಡುವ ಅಭ್ಯಾಸ ಎಲ್ಲ ಕಡೆಯೂ ಇದೆ. ರಾಜ್ಯ ಹಕ್ಕಿ ತಲೆಯ ಮೇಲೆ ಜುಟ್ಟಿರುವ ಲಾವಕ್ಕಿ, ರಾಜ್ಯ ಮರ ರೆಡ್‌ವುಡ್.

ಚರಿತ್ರೆ ತುಂಬ ಉದ್ದ ಇಲ್ಲ, ಅಂದರೆ ಬರೆದಿಟ್ಟ ಚರಿತ್ರೆ. ಅದಕ್ಕೂ ಮೊದಲು ಸಾವಿರಾರು ವರ್ಷ ಅಲ್ಲಿ ಹತ್ತಾರು ಭಾಷೆ ಆಡುವ ಮೂಲನಿವಾಸಿಗಳಿದ್ದರು. 1769ರಲ್ಲಿ ಸ್ಪೇನಿನವರು ದಕ್ಷಿಣದ ಸ್ಯಾನ್ ಡಿಯಾಗೋದಲ್ಲಿ ಮೊದಲ ಮಿಷನ್ ಕಟ್ಟಿದರು, ಅಂದರೆ ಕ್ರೈಸ್ತ ಧರ್ಮ ಹರಡಲು ಪಾದ್ರಿಗಳು ನಡೆಸುವ ನೆಲೆ. ಆ ದಂಡಿನ ಜೊತೆ ನಡೆದ ಪಾದ್ರಿಯೊಬ್ಬರು ದಾರಿಯುದ್ದಕ್ಕೂ ಕಾಡುಗುಲಾಬಿ ಕಂಡು, ನಮ್ಮೂರಿನದೇ ಗುಲಾಬಿ ಅಂತ ದಿನಚರಿಯಲ್ಲಿ ಬರೆದುಕೊಂಡರು. ಮುಂದೆ 1823ರ ಹೊತ್ತಿಗೆ ಒಟ್ಟು 21 ಮಿಷನ್‌ಗಳಾದವು. ಸ್ಯಾನ್, ಸಾಂತಾ ಅಂತ ಶುರುವಾಗುವ ಊರುಗಳು ಅಷ್ಟೊಂದು ಇರುವುದು ಸ್ಪೇನಿನವರು ಸಂತರ ಹೆಸರಿಟ್ಟಿದ್ದರಿಂದ. ನಾಲ್ಕನೇ ಕ್ಲಾಸಿನ ಮಕ್ಕಳು ರಟ್ಟಿನಲ್ಲಿ ಮಿಷನ್ ಮಾದರಿ ಮಾಡುವುದು ಅಲ್ಲಿ ಹಳೆಯ ರೂಢಿ, ನಿಮ್ಮ ಮೊಮ್ಮಗಳೂ ಮಾಡಿದ್ದಾಳೋ ಕೇಳಿ ನೋಡಿ. ಈಗೀಗ ಅನೇಕ ಶಾಲೆಗಳು ಆ ರೂಢಿ ಬಿಟ್ಟಿವೆ. ಮಿಷನ್‌ಗಳಲ್ಲಿ ಮೂಲನಿವಾಸಿಗಳು ರೋಗದಿಂದ, ಬಲವಂತದ ದುಡಿಮೆಯಿಂದ ಸತ್ತದ್ದನ್ನೂ ಈಗ ಪಾಠದಲ್ಲಿ ಹೇಳುತ್ತಾರೆ.

1821ರಲ್ಲಿ ನೆಲ ಮೆಕ್ಸಿಕೋಗೆ ಬಂತು. 1848ರ ಜನವರಿ 24ರಂದು ಕೊಲೋಮಾದ ಮರ ಕೊಯ್ಯುವ ಮಿಲ್ಲಿನ ಕಾಲುವೆಯಲ್ಲಿ ಜೇಮ್ಸ್ ಮಾರ್ಷಲ್ ಕಣ್ಣಿಗೆ ಚಿನ್ನದ ಚೂರು ಬಿತ್ತು. ಒಂಬತ್ತೇ ದಿನಕ್ಕೆ, ಫೆಬ್ರವರಿ 2ರಂದು, ಅಮೆರಿಕದ ಜೊತೆಗಿನ ಯುದ್ಧ ಮುಗಿಸುವ ಒಪ್ಪಂದಕ್ಕೆ ಮೆಕ್ಸಿಕೋ ಸಹಿ ಹಾಕಿ ಆ ನೆಲವನ್ನು ಅಮೆರಿಕಕ್ಕೆ ಕೊಟ್ಟಿತು. ಸಹಿ ಹಾಕಿದವರಿಗೆ ಚಿನ್ನದ ಸುದ್ದಿ ಗೊತ್ತೇ ಇರಲಿಲ್ಲ. ಮುಂದಿನ ಕೆಲವೇ ವರ್ಷಗಳಲ್ಲಿ ಸುಮಾರು ಮೂರು ಲಕ್ಷ ಜನ ಬಂದಿಳಿದರು. 1850ರ ಸೆಪ್ಟೆಂಬರ್ 9ಕ್ಕೆ ಕ್ಯಾಲಿಫೋರ್ನಿಯಾ 31ನೇ ರಾಜ್ಯವಾಯಿತು. ತಂತಿ ಅಲ್ಲಿಗೆ ಇನ್ನೂ ತಲುಪಿರದ ಕಾಲ, ಸುದ್ದಿ ಹಡಗಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಮುಟ್ಟಿದ್ದು ಅಕ್ಟೋಬರ್ 18ಕ್ಕೆ. ಅಷ್ಟು ದಿನ ತಾವು ರಾಜ್ಯವಾಗಿದ್ದೇವೆ ಅಂತ ಅಲ್ಲಿಯವರಿಗೇ ಗೊತ್ತಿಲ್ಲ! ರಾಜಧಾನಿ ಸ್ಯಾನ್ ಹೋಸೆ, ವಲೇಹೋ, ಬೆನಿಶಿಯಾ ಅಂತ ಅಲೆದು 1854ರಲ್ಲಿ ಸ್ಯಾಕ್ರಮೆಂಟೋದಲ್ಲಿ ನೆಲೆ ನಿಂತಿತು. ರಾಜ್ಯ ಮುದ್ರೆಯ ಮೇಲಿನ ಘೋಷವಾಕ್ಯ "ಯುರೇಕಾ", ಸಿಕ್ಕಿತು ಅಂತ. ಏನು ಸಿಕ್ಕಿತು ಅಂತ ಬಿಡಿಸಿ ಹೇಳಬೇಕಿಲ್ಲ.

ಇನ್ನು ಭೂಗೋಳ. ಹೂವು ಕಳಿಸುವವರಿಗೆ ಎಲ್ಲಕ್ಕಿಂತ ಮುಖ್ಯ ಇದೇ, ಆದರೆ ಯಾರೂ ಇದನ್ನು ನೋಡುವುದಿಲ್ಲ.

ಕ್ಯಾಲಿಫೋರ್ನಿಯಾ ಸುಮಾರು 4.24 ಲಕ್ಷ ಚದರ ಕಿ.ಮೀ. ಕರ್ನಾಟಕ 1.92 ಲಕ್ಷ, ಅಂದರೆ ಎರಡು ಕರ್ನಾಟಕ ಸೇರಿಸಿದರೂ ಇನ್ನೂ ಜಾಗ ಉಳಿಯುತ್ತದೆ. ಜನಸಂಖ್ಯೆ 2020ರ ಗಣತಿಯಲ್ಲಿ 3.95 ಕೋಟಿ. ಪಶ್ಚಿಮಕ್ಕೆ ಶಾಂತ ಸಾಗರ, ಪೂರ್ವಕ್ಕೆ ಸಿಯೆರಾ ನೆವಾಡಾ ಪರ್ವತ. ಮಧ್ಯದಲ್ಲಿ 700 ಕಿ.ಮೀ. ದಾಟುವ ಉದ್ದದ ಬಯಲು, ಅದೇ ಸೆಂಟ್ರಲ್ ವ್ಯಾಲಿ. ದಕ್ಷಿಣ, ಪೂರ್ವದ ಮೂಲೆಯಲ್ಲಿ ಮರುಭೂಮಿ. 4,421 ಮೀಟರ್ ಎತ್ತರದ ಮೌಂಟ್ ವಿಟ್ನಿಯೂ ಸಮುದ್ರಮಟ್ಟಕ್ಕಿಂತ 86 ಮೀಟರ್ ಕೆಳಗಿರುವ ಡೆತ್ ವ್ಯಾಲಿಯೂ ಇದೇ ರಾಜ್ಯದಲ್ಲಿವೆ. ನೇರ ಗೆರೆ ಎಳೆದರೆ ಎರಡರ ನಡುವೆ 140 ಕಿ.ಮೀ. ಕೂಡ ಇಲ್ಲ.

ಮಳೆ ಚಳಿಗಾಲದಲ್ಲಿ. ಬೇಸಿಗೆ ಪೂರ್ತಿ ಒಣ. ಹಾಗಾಗಿ ನವೆಂಬರಿನಿಂದ ಮಾರ್ಚ್ ತನಕ ಬಿದ್ದ ನೀರಿಗೆ ಗುಡ್ಡ ಹಸಿರಾಗಿ ಫೆಬ್ರವರಿಯಿಂದ ಮೇ ತನಕ ಕಾಡುಹೂವು ಬರುತ್ತವೆ. ಜೂನ್ ಬಂತೆಂದರೆ ಹುಲ್ಲು ಒಣಗಿ ಹಳದಿ. ಪಾಪ್ಪಿ ಬೀಜ ಸಿಡಿಸಿ ಸುಮ್ಮನಾಗುತ್ತದೆ.

ತೀರದಲ್ಲಿ ಮಾತ್ರ ಬೇರೆಯೇ ಹವೆ. ಕಡಲಿನಲ್ಲಿ ಉತ್ತರದಿಂದ ತಣ್ಣೀರಿನ ಪ್ರವಾಹ ಹರಿಯುತ್ತದೆ, ಅದರ ಮೇಲೆ ಬೇಸಿಗೆಯಿಡೀ ಮಂಜು ಕಟ್ಟುತ್ತದೆ. ಜುಲೈ ಮಧ್ಯಾಹ್ನ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸ್ವೆಟರ್ ಹಾಕಿಕೊಂಡು ಓಡಾಡುತ್ತಾರೆ, 20 ಡಿಗ್ರಿಯ ಆಸುಪಾಸು. ಅಲ್ಲಿಂದ ಪೂರ್ವಕ್ಕೆ ಗುಡ್ಡ ದಾಟಿ ನಿಮ್ಮ ಮಗಳ ಸ್ಯಾನ್ ರಮೋನ್‌ಗೆ ಬನ್ನಿ, ಮುಕ್ಕಾಲು ಗಂಟೆ, ಒಂದು ಗಂಟೆಯ ದಾರಿ. ಅದೇ ಮಧ್ಯಾಹ್ನ ಅಲ್ಲಿ 30 ದಾಟಿರುತ್ತದೆ, ಕೆಲವು ದಿನ 40ರ ಹತ್ತಿರ. ಇನ್ನೂ ಒಳಕ್ಕೆ ಫ್ರೆಸ್ನೋ, ಬೇಕರ್ಸ್‌ಫೀಲ್ಡ್ ಕಡೆ ಹೋದರೆ ಉರಿ.

ಇದರಿಂದ ನಿಮಗೇನು ಅಂದರೆ, ಹೈಡ್ರೇಂಜಿಯಾ ಬೇಡ. ವೆಬ್‌ಸೈಟಿನಲ್ಲಿ ಅದರ ಚೆಂಡು ಚೆಂಡು ನೀಲಿ ಹೂವಿನ ಫೋಟೋ ಮೋಹಕವಾಗಿರುತ್ತದೆ. ಆದರೆ ಮನೆಯಲ್ಲಿ ಯಾರೂ ಇಲ್ಲದೆ ಡೆಲಿವರಿಯವನು ಬಾಗಿಲ ಮುಂದೆ ಬಿಸಿಲಲ್ಲಿ ಇಟ್ಟು ಹೋದರೆ, ಒಂದೆರಡು ತಾಸಿನಲ್ಲಿ ಅದು ತಲೆ ಬಗ್ಗಿಸುತ್ತದೆ. ಹಾಗೇ ಸ್ವೀಟ್ ಪೀ, ಟ್ಯುಲಿಪ್. ಇವು ಚಳಿಯ ಹೂವು. ಸೂರ್ಯಕಾಂತಿ, ಜಿನಿಯಾ, ಲಿಸಿಯಾಂಥಸ್, ಪ್ರೋಟಿಯಾ ಬಿಸಿಲು ತಡೆಯುತ್ತವೆ. ಡೆಲ್ಫಿನಿಯಂ ಸ್ವಲ್ಪ ನಾಜೂಕು, ಆದ್ದರಿಂದ ಮಗಳು ಮನೆಯಲ್ಲಿರುವ ಹೊತ್ತಿಗೇ ತಲುಪಿಸಲು ಹೇಳಿ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಯಾರಿಗಾದರೂ ಕಳಿಸುವುದಿದ್ದರೆ ನಾನು ಈ ಎಚ್ಚರಿಕೆ ಹೇಳುತ್ತಲೇ ಇರಲಿಲ್ಲ.

ಹೂವು ಬೆಳೆಯುವುದೂ ಹೆಚ್ಚಾಗಿ ಆ ತಂಪಿನ ತೀರದಲ್ಲೇ. ದಕ್ಷಿಣದಲ್ಲಿ ಸ್ಯಾನ್ ಡಿಯಾಗೋ ಕಡೆ ಕಾರ್ಲ್ಸ್‌ಬಾಡ್‌ನ ಗುಡ್ಡದ ಮೇಲೆ ಮಾರ್ಚಿನಿಂದ ಮೇ ಮೊದಲ ಭಾಗದ ತನಕ ಸುಮಾರು 50 ಎಕರೆ ರನಂಕ್ಯುಲಸ್ ಪಟ್ಟೆ ಪಟ್ಟೆಯಾಗಿ ಅರಳಿರುತ್ತದೆ, ಟಿಕೆಟ್ ಕೊಟ್ಟು ನೋಡಬೇಕು. ಒಳನಾಡಿನ ಗುಡ್ಡಗಳಲ್ಲಿ ಪ್ರೋಟಿಯಾ, ವ್ಯಾಕ್ಸ್ ಫ್ಲವರ್. ಸಾಂತಾ ಬಾರ್ಬರಾ ಜಿಲ್ಲೆಯ ಲೊಂಪೊಕ್ ಕಣಿವೆ ಒಂದು ಕಾಲಕ್ಕೆ ಹೂವಿನ ಬೀಜಕ್ಕೆ ಹೆಸರುವಾಸಿ, ಈಗ ಡೆಲ್ಫಿನಿಯಂ, ಸ್ಟಾಕ್ ಥರದ ಕತ್ತರಿಸಿ ಮಾರುವ ಹೂವು. ಅದೇ ಜಿಲ್ಲೆಯ ಕಾರ್ಪಿಂಟೇರಿಯಾದ ಗಾಜಿನ ಮನೆಗಳಲ್ಲಿ ಜರ್ಬೆರಾ, ಲಿಲ್ಲಿ ಬೆಳೆಯುತ್ತಿದ್ದರು. ಇತ್ತೀಚೆಗೆ ಅವುಗಳಲ್ಲಿ ಎಷ್ಟೋ ಗಾಂಜಾ ಬೆಳೆಗೆ ತಿರುಗಿವೆ, ಅಲ್ಲಿ ಅದು ಕಾನೂನುಬದ್ಧ. ಇನ್ನೂ ಮೇಲೆ ಮಾಂಟರೇ ಕೊಲ್ಲಿಯ ವಾಟ್ಸನ್‌ವಿಲ್, ನಿಮ್ಮ ಮಗಳಿಗೆ ಹತ್ತಿರದ ಹಾಫ್ ಮೂನ್ ಬೇ, ಉತ್ತರದ ತುದಿಯಲ್ಲಿ ಹಂಬೋಲ್ಟ್ ಜಿಲ್ಲೆಯ ಲಿಲ್ಲಿ, ಟ್ಯುಲಿಪ್. ಸೆಂಟ್ರಲ್ ವ್ಯಾಲಿಯ ಹೂವು ಅಂದರೆ ಫೆಬ್ರವರಿಯಲ್ಲಿ ಬಾದಾಮಿ ತೋಟಗಳದ್ದು. ಅದು ನೋಡಲು, ಮಾರಲು ಅಲ್ಲ.

ಇಷ್ಟೆಲ್ಲ ಬೆಳೆದರೂ ಅಂಗಡಿಯ ಬಕೆಟ್ಟಿನಲ್ಲಿ ಇರುವುದು ಹೆಚ್ಚಾಗಿ ಹೊರಗಿನ ಹೂವು. ಅಮೆರಿಕದಲ್ಲೇ ಬೆಳೆದ ಕತ್ತರಿಸಿದ ಹೂವಿನಲ್ಲಿ ಮುಕ್ಕಾಲು ಪಾಲಿನಷ್ಟು ಕ್ಯಾಲಿಫೋರ್ನಿಯಾದ್ದೇ. ಆದರೆ ಆ ದೇಶದಲ್ಲಿ ಮಾರಾಟವಾಗುವ ಹೂವಿನಲ್ಲಿ ಸುಮಾರು 80% ಆಮದು, ಅದರಲ್ಲೂ ಕೊಲಂಬಿಯಾ, ಎಕ್ವಡಾರ್ ದೇಶಗಳದು. 1991ರಲ್ಲಿ ಕೋಕಾ, ಅಂದರೆ ಕೊಕೇನ್ ತಯಾರಿಸುವ ಗಿಡ, ಬೆಳೆಯುವುದನ್ನು ಬಿಡಿಸಬೇಕು ಅಂತ ಅಮೆರಿಕ ಆ ಭಾಗದ ದೇಶಗಳ ಸರಕಿಗೆ ಸುಂಕ ತೆಗೆದುಹಾಕಿತು. ಹೂವೂ ಅದರಲ್ಲಿ ಸೇರಿತ್ತು. ಬೆಟ್ಟದ ಮೇಲಿನ ತಂಪು, ವರ್ಷವಿಡೀ ಒಂದೇ ಹದದ ಬಿಸಿಲು, ಕಡಿಮೆ ಕೂಲಿ, ಮೇಲೆ ಸುಂಕವೂ ಇರಲಿಲ್ಲ. ಕ್ಯಾಲಿಫೋರ್ನಿಯಾದ ಗುಲಾಬಿ, ಕಾರ್ನೇಷನ್ ಬೆಳೆಗಾರರು ಒಬ್ಬೊಬ್ಬರಾಗಿ ಬಾಗಿಲು ಹಾಕಿದರು. ಈಗ ಸ್ಯಾನ್ ರಮೋನ್‌ನ ಅಂಗಡಿಯ ಕೆಂಪು ಗುಲಾಬಿ ಬಹುಮಟ್ಟಿಗೆ ವಿಮಾನದಲ್ಲಿ ಪೂರ್ವ ಕರಾವಳಿಯ ಮಯಾಮಿಗೆ ಬಂದು, ಅಲ್ಲಿಂದ ಲಾರಿಯಲ್ಲಿ ಇಡೀ ದೇಶ ದಾಟಿ ಬಂದದ್ದು. ಗುಲಾಬಿ ಎಲ್ಲಿಯದೂ ಆಗಿರಬಹುದು ಅಂದದ್ದು ಇದಕ್ಕೇ. ಅದು ಕೆಟ್ಟ ಹೂವಲ್ಲ, ಎಷ್ಟೋ ಸಲ ಇನ್ನೂ ಗಟ್ಟಿ. ಆದರೆ ಮೊಮ್ಮಗಳ ರಾಜ್ಯದ ಹೂವೇ ಬೇಕು ಅಂತಿದ್ದರೆ ಬಾಯಿಬಿಟ್ಟು ಕೇಳಬೇಕು: "ಕ್ಯಾಲಿಫೋರ್ನಿಯಾದಲ್ಲಿ ಬೆಳೆದದ್ದು ಏನೇನಿದೆ?" ಒಳ್ಳೆಯ ಅಂಗಡಿಯವರಿಗೆ ಈ ಪ್ರಶ್ನೆ ಕೇಳಿ ಖುಷಿಯಾಗುತ್ತದೆ. ಕಟ್ಟಿನ ಕಾಗದದ ಮೇಲೆ ಅಲ್ಲೇ ಬೆಳೆದದ್ದು ಅನ್ನುವ ಗುರುತೂ ಇರುವುದುಂಟು.

ಇಲ್ಲಿ ಸ್ವಲ್ಪ ಪಕ್ಕಕ್ಕೆ ಹೋಗುತ್ತೇನೆ. ಆ ರಾಜ್ಯದ ಹೂವಿನ ವ್ಯಾಪಾರ ಕಟ್ಟಿದವರು ಬಹುಪಾಲು ವಲಸಿಗರು. ಸ್ಯಾನ್ ಫ್ರಾನ್ಸಿಸ್ಕೋದ ಮಾರ್ಕೆಟ್ ಬೀದಿಯಲ್ಲಿ ಲೊಟ್ಟಾಸ್ ಫೌಂಟನ್ ಅಂತ ಒಂದು ಕಾರಂಜಿ ಇದೆ, ಬೆಳೆಗಾರರು ಬುಟ್ಟಿ ತಂದು ಅದರ ಸುತ್ತ ಕೂತು ಮಾರುತ್ತಿದ್ದರು. ಜಪಾನಿಯರು, ಇಟಲಿಯವರು, ಚೀನಿಯರು ಅಂತ ಮೂರು ಗುಂಪು, ಮೂವರಿಗೂ ಬೇರೆ ಬೇರೆ ಸಂಘ. ಜಪಾನಿ ಬೆಳೆಗಾರರು 1912ರಲ್ಲಿ ತಮ್ಮದೇ ಮಾರುಕಟ್ಟೆ ಮಾಡಿಕೊಂಡರು. ಸೇವಂತಿಗೆಯಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಆದರೆ ಏಷ್ಯಾದವರು ಜಮೀನು ಕೊಳ್ಳಬಾರದು ಅಂತ 1913ರಲ್ಲಿ ರಾಜ್ಯ ಕಾನೂನು ತಂದಿತು. 1942ರಲ್ಲಿ ಯುದ್ಧದ ನೆಪ ಹೇಳಿ ಪಶ್ಚಿಮ ಕರಾವಳಿಯ ಜಪಾನಿ ಮೂಲದವರನ್ನೆಲ್ಲ ಶಿಬಿರಗಳಿಗೆ ಸಾಗಿಸಿದರು. ಗಾಜಿನ ಮನೆಯಲ್ಲಿ ಹೂವು ಇದ್ದ ಹಾಗೆಯೇ ಬಿಟ್ಟು ಹೋದರು. ಯುದ್ಧ ಮುಗಿದ ಮೇಲೆ ಕೆಲವರು ವಾಪಸ್ ಬಂದು ಮತ್ತೆ ಮೊದಲಿನಿಂದ ಶುರು ಮಾಡಿದರು. ನಾಲ್ಕನೇ ಕ್ಲಾಸಿನ ಪಾಠದಲ್ಲಿ ಇದೆಲ್ಲ ಎಷ್ಟು ಇರುತ್ತದೋ, ಅಜ್ಜಿಯ ಬಾಯಿಂದ ಕೇಳಿದರೆ ನೆನಪಿರುತ್ತದೆ.

ಆರ್ಡರ್ ಕೊಡುವ ವಿಷಯಕ್ಕೆ ಬರೋಣ. ಗೂಗಲ್‌ನಲ್ಲಿ ಮೊದಲು ಕಾಣುವ ಎಷ್ಟೋ ಹೂವಿನಂಗಡಿಗಳು ಅಂಗಡಿಗಳೇ ಅಲ್ಲ. ಊರಿನ ಹೆಸರು ಹಾಕಿಕೊಂಡಿರುತ್ತವೆ, ಆದರೆ ಎಲ್ಲೋ ಕೂತು ಆರ್ಡರ್ ಹಿಡಿಯುವ ಕಂಪನಿಗಳು. ನಿಮ್ಮ ದುಡ್ಡಿನಲ್ಲಿ ಸೇವಾ ಶುಲ್ಕ, ಕಮಿಷನ್ ಕತ್ತರಿಸಿ ಉಳಿದದ್ದನ್ನು ಸ್ಥಳೀಯ ಅಂಗಡಿಗೆ ದಾಟಿಸುತ್ತವೆ. ಅಂಗಡಿಯವಳು ತನಗೆ ಬಂದ ಮೊತ್ತಕ್ಕೆ ತಕ್ಕ ಹೂವು ಹಾಕುತ್ತಾಳೆ. ನೀವು ಫೋಟೋದಲ್ಲಿ ನೋಡಿದ್ದಕ್ಕೆ ಅಲ್ಲ. ಬೊಕೆ ಬಡವಾಗಿತ್ತು ಅನ್ನುವ ದೂರು ನೂರಕ್ಕೆ ತೊಂಬತ್ತು ಹುಟ್ಟುವುದು ಇಲ್ಲೇ ಅಂತ ನನ್ನ ಅನುಭವ. ಆದ್ದರಿಂದ ಮ್ಯಾಪ್ ತೆರೆದು, ಸ್ಯಾನ್ ರಮೋನ್ ಇಲ್ಲವೇ ಪಕ್ಕದ ಡಬ್ಲಿನ್, ಡ್ಯಾನ್‌ವಿಲ್‌ನಲ್ಲಿ ಬೀದಿ ವಿಳಾಸ, ಮುಂಭಾಗದ ಫೋಟೋ ಎರಡೂ ಇರುವ ಅಂಗಡಿ ಹುಡುಕಿ ನೇರ ಫೋನ್ ಮಾಡಿ.

ಹೊತ್ತು ನೋಡಿಕೊಳ್ಳಿ. ಜುಲೈನಲ್ಲಿ ನಾವು ಅವರಿಗಿಂತ ಹನ್ನೆರಡೂವರೆ ಗಂಟೆ ಮುಂದೆ. ಅಲ್ಲಿ ಬೆಳಿಗ್ಗೆ 9 ಅಂದರೆ ನಮಗೆ ಅದೇ ದಿನ ರಾತ್ರಿ 9:30. ಊಟ ಮುಗಿಸಿ ಫೋನ್ ಹಚ್ಚಿದರೆ ಅಂಗಡಿ ಆಗಷ್ಟೇ ತೆರೆದಿರುತ್ತದೆ. ನವೆಂಬರ್ ಮೊದಲ ಭಾನುವಾರದಿಂದ ಮಾರ್ಚ್ ಎರಡನೇ ಭಾನುವಾರದ ತನಕ ಇದು ಹದಿಮೂರೂವರೆ ಗಂಟೆಯಾಗುತ್ತದೆ. ಅಲ್ಲಿನ ಸಣ್ಣ ಅಂಗಡಿಗಳು ಬಹಳಷ್ಟು ಭಾನುವಾರ ಮುಚ್ಚಿರುತ್ತವೆ. ಹುಟ್ಟುಹಬ್ಬ ಭಾನುವಾರ ಬಿದ್ದರೆ ಶನಿವಾರವೇ ತಲುಪಿಸಲು ಹೇಳಿ. ನಾಲ್ಕೈದು ದಿನ ಮುಂಚೆ ಹೇಳಿದರೆ ನೀವು ಕೇಳಿದ ಹೂವನ್ನು ಮಾರುಕಟ್ಟೆಯಿಂದ ತರಿಸಲು ಅವರಿಗೆ ಅವಕಾಶ ಸಿಗುತ್ತದೆ.

ವಿಳಾಸದಲ್ಲಿ ಐದಂಕಿಯ ಜಿಪ್ ಕೋಡ್ ಮರೆಯಬೇಡಿ. ಅಲ್ಲಿಯದು 9ರಿಂದ ಶುರುವಾಗುತ್ತದೆ. ಸ್ಯಾನ್ ರಮೋನ್ ಬದಲು ಸ್ಯಾನ್ ರಫೇಲ್, ಸ್ಯಾನ್ ಮರೀನೋ, ಸ್ಯಾನ್ ಮಾರ್ಕೋಸ್ ಅಂತ ಪಟ್ಟಿಯಲ್ಲಿ ಬೆರಳು ಜಾರುವುದು ಸುಲಭ. ಪಕ್ಕದ ಡಬ್ಲಿನ್ ಐರ್ಲೆಂಡಿನಲ್ಲೂ ಇದೆ, ಒಹಾಯೋದಲ್ಲೂ ಇದೆ. ಇನ್ನೊಂದು ಕೀಟಲೆ: ಕ್ಯಾಲಿಫೋರ್ನಿಯಾದ ಎರಡಕ್ಷರದ ಸಂಕೇತ ಸಿಎ, ಕೆನಡಾ ದೇಶದ ಸಂಕೇತವೂ ಅದೇ. ದೇಶದ ಕಾಲಂನಲ್ಲಿ ಅಮೆರಿಕ ಅಂತಲೇ ಇದೆಯಾ ನೋಡಿಕೊಳ್ಳಿ. ಗೇಟ್ ಇರುವ ಬಡಾವಣೆಯಾದರೆ ಗೇಟಿನ ಕೋಡ್, ಮಗಳ ಫೋನ್ ನಂಬರ್ ಕೊಡಿ. ಹೂವಿನ ಬೆಲೆಯ ಮೇಲೆ ಮಾರಾಟ ತೆರಿಗೆ ಇರುತ್ತದೆ, ರಾಜ್ಯದಲ್ಲಿ ಕನಿಷ್ಠ 7.25%, ಊರಿನ ಪಾಲು ಸೇರಿದರೆ ಇನ್ನೂ ಜಾಸ್ತಿ. ಡೆಲಿವರಿ ಚಾರ್ಜು ಬೇರೆ. ಕಾರ್ಡಿನ ಮಾತನ್ನು ಇಂಗ್ಲಿಷ್ ಅಕ್ಷರದಲ್ಲಿ ಕೊಡಿ, ಅಂಗಡಿಯ ಪ್ರಿಂಟರಿನಲ್ಲಿ ಕನ್ನಡ ಬರೀ ಚೌಕ ಚೌಕವಾಗಿ ಬರುತ್ತದೆ.

ಅಕ್ಟೋಬರಿನಲ್ಲಿ ಹೋಗುತ್ತೀರಲ್ಲ, ಪಾಪ್ಪಿಯ ಆಸೆ ಆಗ ತೀರಿಸಿಕೊಳ್ಳಬಹುದು. ಬೀಜದ ಪೊಟ್ಟಣ ಅಲ್ಲಿನ ನರ್ಸರಿಗಳಲ್ಲಿ ಅಗ್ಗವಾಗಿ ಸಿಗುತ್ತದೆ. ಮೊದಲ ಮಳೆಗೆ ಸ್ವಲ್ಪ ಮುಂಚೆ ಬಿತ್ತಬೇಕು. ಹಿತ್ತಲಲ್ಲಿ ಬಿಸಿಲು ಬೀಳುವ, ನೀರು ನಿಲ್ಲದ ಜಾಗ ನೋಡಿ. ಗೊಬ್ಬರ ಬೇಡ, ಬಡ ಮಣ್ಣೇ ಅದಕ್ಕೆ ಇಷ್ಟ. ಮೊಮ್ಮಗಳ ಕೈಯಲ್ಲೇ ಚೆಲ್ಲಿಸಿ, ಮಣ್ಣು ತೆಳ್ಳಗೆ ಮುಚ್ಚಿದರೆ ಸಾಕು. ಕುಂಡದಲ್ಲಿ ಹುಟ್ಟಿಸಿ ಆಮೇಲೆ ಕಿತ್ತು ನೆಡಲು ಹೋಗಬೇಡಿ, ತಾಯಿಬೇರು ಉದ್ದ, ಅಲುಗಾಡಿಸಿದರೆ ಸಾಯುತ್ತದೆ.

ಅದೇ ತಿಂಗಳ ಕೊನೆಯಲ್ಲಿ ಹೂವಿನ ಮಾರುಕಟ್ಟೆ ಕಡೆ ಹೋದರೆ ನಿಮಗೆ ಊರೇ ನೆನಪಾಗುತ್ತದೆ. ನವೆಂಬರ್ 1 ಮತ್ತು 2 ಮೆಕ್ಸಿಕೋ ಮೂಲದವರಿಗೆ ಸತ್ತ ಹಿರಿಯರನ್ನು ನೆನೆಯುವ ಹಬ್ಬ. ಅದಕ್ಕೆ ಬೇಕಾದದ್ದು ಚೆಂಡುಹೂವು ಮತ್ತು ಕೋಳಿಜುಟ್ಟು ಹೂವು, ರಾಶಿ ರಾಶಿ ಬರುತ್ತದೆ. ಚೆಂಡುಹೂವಿನ ತವರೇ ಮೆಕ್ಸಿಕೋ. ದೀಪಾವಳಿಯೂ ಆಸುಪಾಸಿನಲ್ಲೇ ಬರುವುದರಿಂದ ಬಾಗಿಲಿಗೆ ತೋರಣ ಕಟ್ಟಲು ಚಿಂತೆಯಿಲ್ಲ. ಉಳಿದ ತಿಂಗಳುಗಳಲ್ಲಿ ಅಷ್ಟು ಸಲೀಸಾಗಿ ಸಿಗುವುದಿಲ್ಲ.

ಇಲ್ಲಿಂದ ಹೂವು, ಗಿಡ, ಬೀಜ ಬ್ಯಾಗಿನಲ್ಲಿ ಇಟ್ಟುಕೊಂಡು ಹೋಗಬೇಡಿ. ಏನಾದರೂ ಇದ್ದರೆ ಇಳಿದ ಮೇಲೆ ಕೇಳುವ ಘೋಷಣೆಯಲ್ಲಿ ಮುಚ್ಚಿಡಬೇಡಿ, ದಂಡ ಬೀಳುತ್ತದೆ. ಕರಿಬೇವು ಅಂತೂ ಖಂಡಿತ ಬೇಡ, ತಾಜಾ ಎಲೆಯೂ ಬೇಡ, ಸಸಿಯೂ ಬೇಡ. ಕಿತ್ತಳೆ, ನಿಂಬೆ ಮರಗಳನ್ನು ಕೊಲ್ಲುವ ರೋಗವನ್ನು ಹರಡುವ ಒಂದು ಸಣ್ಣ ಕೀಟ ಕರಿಬೇವಿನ ಮೇಲೂ ಬದುಕುತ್ತದೆ. ಅದು 2008ರಲ್ಲಿ ಕ್ಯಾಲಿಫೋರ್ನಿಯಾಗೆ ಬಂದಿದೆ, 2012ರಲ್ಲಿ ರೋಗವೂ ಕಾಣಿಸಿತು. ಕಿತ್ತಳೆ ಅಲ್ಲಿ ದೊಡ್ಡ ಬೆಳೆ, ಹಾಗಾಗಿ ತಪಾಸಣೆ ಬಿಗಿ. ಮಗಳು ಬೇಕು ಅಂತ ಕೇಳಿದರೂ, ಅಲ್ಲೇ ಇಂಡಿಯನ್ ಸ್ಟೋರಿನಲ್ಲಿ ತಗೋ ಅನ್ನಿ.